ಗಿಡಕ್ಕೆ ಓದಬೇಕಾದ ಮಾತು

ಅತ್ತೆಗೆ ಬೆಳಗಾಗುತ್ತಿದ್ದುದು ಕಿವಿಯಿಂದ. ಕಣ್ಣಿನ ಬೆಳಕು ಮೆಲ್ಲಮೆಲ್ಲಗೆ ಆರಿಹೋಗಿ ಬಹಳ ಕಾಲವಾಗಿತ್ತು. ಹಾಸಿಗೆಯ ಪಕ್ಕದ ಕಿಟಕಿಯ ಹೊರಗೆ, ಕಟ್ಟೆಯ ಮೇಲೆ, ಅಂಚು ಒಡೆದ ಒಂದು ಮಣ್ಣಿನ ಕುಂಡ. ಅದರಲ್ಲಿ ಕಡ್ಡಿಕಡ್ಡಿಯಾಗಿ ಎದ್ದ ಕಾಮಕಸ್ತೂರಿ. ಬಿಸಿಲು ಬಂದು ಅದರ ತೆನೆಯನ್ನು ಮುಟ್ಟಿ, ತೆನೆ ತನ್ನ ವಾಸನೆ ಬಿಟ್ಟುಕೊಟ್ಟು, ಎಲ್ಲಿಂದಲೋ ಮೊದಲ ಜೇನುಹುಳ ಬಂದು ಗುಂಯ್ ಎಂದರೆ ಅತ್ತೆಗೆ ಬೆಳಗಾಯಿತು. ಒಂದರ ಹಿಂದೊಂದು ಹುಳ ಬಂದು ಸೇರಿ, ಆ ಸದ್ದು ಒಂದು ಹದಕ್ಕೆ ನಿಲ್ಲುವ ತನಕ ಅವರು ಕಾಯುತ್ತಿದ್ದರು. ಆಮೇಲೆ ಅದನ್ನೇ ಶ್ರುತಿ ಮಾಡಿಕೊಂಡು ಪ್ರಾರ್ಥನೆಗೆ ತೊಡಗುತ್ತಿದ್ದರು. ದನಿ ಹೊರಗೆ ಬರುತ್ತಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಹೊರಗಿನ ಹುಳಗಳ ದನಿಯೇ ತಮ್ಮ ದನಿ ಎಂಬಂತೆ ಕೂತಿರುತ್ತಿದ್ದರು.

ನೀವೇ ಜೋರಾಗಿ ಹೇಳಬಾರದೇ ಎಂದು ಸೊಸೆ ಒಮ್ಮೆ ಕೇಳಿದ್ದಳು. ಅದಕ್ಕೆ ಅತ್ತೆ, "ನಾನೊಬ್ಬಳೇ ಕೂಗಿದ್ರೆ ದೇವರು ತಿರುಗಿ ನೋಡ್ತಾನೋ ಇಲ್ವೋ. ಇವು ಜೊತೆಗಿದ್ರೆ ಒಂದು ಧೈರ್ಯ ಕಣಮ್ಮ" ಎಂದಿದ್ದರು.

ಸೊಸೆಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರೂ ಅವಳನ್ನು ಕುಂಚಮ್ಮ ಎಂದೇ ಕರೆಯುತ್ತಿದ್ದರು. ಅವಳ ಅಪ್ಪ ಬೋರ್ಡು ಬರೆಯುವವನಾಗಿದ್ದ. ಕುಂಚ ಹಿಡಿಯುವುದನ್ನು ಕಲಿಸುವ ಮೊದಲೇ ಅವಳಿಗೆ ಒಂದು ಪದ್ಧತಿ ಕಲಿಸಿದ್ದ. ಯಾವುದರ ಮೇಲೆ ಬರೆಯುತ್ತೀಯೋ ಮೊದಲು ಅದಕ್ಕೇ ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗ ನಾಲಿಗೆ ತಡವರಿಸಿದರೆ ಕುಂಚ ತೊಳೆದು ಮನೆಗೆ ಬರಬೇಕು. ಗಡಿಯಾರದ ಅಂಗಡಿಯ ಮುಂದೆ ನಿಂತು "ಇಲ್ಲಿ ಗಡಿಯಾರ ರಿಪೇರಿ ಮಾಡಲಾಗುವುದು" ಎಂದು ಅವನು ಬಾಗಿಲಿಗೇ ಓದಿ ಹೇಳುತ್ತಿದ್ದ. ದಾರಿಹೋಕರು ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಒಂದು ಸಲ ವಸತಿಗೃಹದ ಗೋಡೆಯ ಮುಂದೆ "ಬಿಸಿನೀರು ಸದಾ ದೊರೆಯುತ್ತದೆ" ಎಂದು ಓದಲು ಹೋಗಿ, ಸದಾ ಎಂಬಲ್ಲಿ ನಾಲಿಗೆ ತಡವರಿಸಿ, ಏಣಿ ಹೆಗಲಿಗೇರಿಸಿಕೊಂಡು ವಾಪಸ್ಸು ಬಂದುಬಿಟ್ಟ. ಆ ಗೋಡೆ ಅವನು ಬದುಕಿರುವವರೆಗೂ ಹಾಗೇ ಬಿಳಿಯಾಗಿ ಉಳಿಯಿತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವನು ಆ ಬಿಳಿ ಗೋಡೆಯನ್ನು ಮಗಳಿಗೆ ತೋರಿಸುತ್ತಿದ್ದ, ತಾನೇ ಬರೆದದ್ದೇನೋ ಎನ್ನುವ ಹಾಗೆ.

ಅಕ್ಕನ ಗಂಡ, ಅಂದರೆ ಭಾವ, ಊರಂಚಿನ ರಸ್ತೆಯಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿದ್ದರು. ಕುಂಚಮ್ಮನಿಗೆ ಅಲ್ಲಿ ಕೆಲಸ. ಚಪ್ಪಟೆಯಾದ ಮರದ ಕಡ್ಡಿಗಳ ಮೇಲೆ ಗಿಡದ ಹೆಸರು, ಅದಕ್ಕೆ ಬೇಕಾದ ಬಿಸಿಲು, ನೀರು ಇಷ್ಟನ್ನು ಬಣ್ಣದಲ್ಲಿ ಬರೆದು ಕುಂಡಕ್ಕೆ ಚುಚ್ಚುವುದು. ಬರೆಯುವ ಮುಂಚೆ ಅವಳು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದಳು: "ಗುಲಾಬಿ. ಕೆಂಪು. ಬಿಸಿಲು ಬೇಕು. ಮುಳ್ಳು ಜಾಸ್ತಿ." ಗಿಡ ಗಾಳಿಗೆ ಒಂದಿಷ್ಟು ತೂಗಿದರೆ ಒಪ್ಪಿತು ಎಂದು ತಿಳಿದು ಕುಂಚ ಅದ್ದುತ್ತಿದ್ದಳು. ಕೊಳ್ಳಲು ಬಂದವರು, ಏನಮ್ಮ, ಗಿಡಕ್ಕೆ ಹಾಜರಿ ಕರೀತಿದ್ದೀಯಾ ಎಂದು ನಗುತ್ತಿದ್ದರು. ಭಾವನೂ ನಗುತ್ತಿದ್ದರು. ಅವರ ನಗುವಿನಲ್ಲಿ ಕೊಂಕು ಇರಲಿಲ್ಲ. ನೆರಳಿಗೆಂದು ಮೇಲೆ ಕಟ್ಟಿದ ಪರದೆಯ ಕೆಳಗೆ ಹಸಿರು ಬೆಳಕು ಕೊಳದ ನೀರಿನ ಹಾಗೆ ನಿಂತಿರುತ್ತಿತ್ತು. ಆ ನೀರಿನೊಳಗೆ ಎಲ್ಲರ ಮಾತೂ ಮೆತ್ತಗಾಗುತ್ತಿತ್ತು.

ಹೀಗಿರುವಾಗ ದೂರದ ದೊಡ್ಡ ತೋಟವೊಂದರಿಂದ ಲಾರಿಯಲ್ಲಿ ಹೊಸ ಗಿಡಗಳು ಬಂದವು. ಅಷ್ಟೆತ್ತರ, ಇಷ್ಟಗಲ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಮೈತುಂಬ ನೇರಳೆ ಬಣ್ಣದ ಹೂ. ಒಂದು ಎಲೆಗೂ ಹುಳು ಹಿಡಿದ ತೂತಿಲ್ಲ. ಲಾರಿಯ ಹಿಂಬಾಗಿಲು ತೆಗೆದಾಗ ಸಂಜೆಯ ಆಕಾಶವನ್ನೇ ಯಾರೋ ಮಡಿಸಿ ಕಳಿಸಿದ್ದಾರೆ ಎನ್ನಿಸಿತು ಕುಂಚಮ್ಮನಿಗೆ. ರಟ್ಟಿನ ಪೆಟ್ಟಿಗೆಗಳ ಮೇಲೆ ಹೊಳೆಯುವ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು. ಭಾವ ಅದನ್ನು ತೋರಿಸಿ, ಪ್ರತಿ ಕಡ್ಡಿಯ ಮೇಲೂ ಇದೇ ಬರಬೇಕು ಎಂದರು. ರಸ್ತೆಯ ಆಚೆಗಿನ ನರ್ಸರಿಯವರು ಆಗಲೇ ದೊಡ್ಡ ಬ್ಯಾನರು ಕಟ್ಟಿದ್ದರು. ಕೊಳ್ಳುವವರು ಗಿಡ ನೋಡುವ ಮೊದಲು ಆ ಮಾತನ್ನೇ ಹುಡುಕುತ್ತಿದ್ದರು.

ಸಾಲು ಹೀಗಿತ್ತು: ಸಂಪೂರ್ಣ ಸಹಜ, ಸಾವಯವ, ಜೇನುಹುಳಗಳ ಅಚ್ಚುಮೆಚ್ಚು.

ಇದು ನಿಜವೇ ಎಂದು ಅವಳು ಕೇಳಿದಳು. ಭಾವ ಗಿಡವೊಂದನ್ನು ಎತ್ತಿ ಅವಳ ಮೂಗಿನ ಹತ್ತಿರ ಹಿಡಿದರು. "ಪ್ಲಾಸ್ಟಿಕ್ ಹೂ ಅಲ್ಲ ತಾನೆ? ಹಾಗಾದ್ರೆ ಸಹಜವೇ. ನೀನು ಬರಿ, ತಾಯಿ."

ಲಾರಿ ತುಂಬ ಗಿಡ, ಅಷ್ಟೇ ಕಡ್ಡಿ. ನರ್ಸರಿಯಲ್ಲಿ ಕೂತು ಬರೆದರೆ ಮುಗಿಯುವಂತಿರಲಿಲ್ಲ. ಕುಂಚಮ್ಮ ಕಡ್ಡಿಗಳ ಕಟ್ಟನ್ನು ಮನೆಗೆ ತಂದಳು. ಚೆನ್ನಾಗಿ ಬೆಳಕು ಬೀಳುತ್ತಿದ್ದುದು ಅತ್ತೆಯ ಕಿಟಕಿಯ ಬಳಿ. ಅಲ್ಲೇ ನೆಲದ ಮೇಲೆ ಕಾಗದ ಹಾಸಿ, ಬಣ್ಣದ ಡಬ್ಬಿ ತೆಗೆದು ಕೂತಳು.

ಥಿನ್ನರಿನ ವಾಸನೆಗೆ ಅತ್ತೆ ತಲೆ ತಿರುಗಿಸಿದರು. "ಏನಮ್ಮ ಬರೀತಿದ್ದೀಯಾ? ಓದು, ಕೇಳೋಣ."

ಅವಳು ಓದಿದಳು. ಒಂದು ಅಕ್ಷರವೂ ತಡವರಿಸಲಿಲ್ಲ. ಎದುರಿಗೆ ಗಿಡವಿರಲಿಲ್ಲ, ಬರೀ ಅತ್ತೆಯ ಮುಖವಿತ್ತು, ಆ ಮುಖ ಮಾತು ಮಾತಿಗೂ ಅರಳುತ್ತಿತ್ತು. ಗಿಡಕ್ಕೆ ಓದಬೇಕಾದದ್ದನ್ನು ಅವಳು ಅತ್ತೆಗೆ ಓದಿದಳು. ಅಪ್ಪನ ಪದ್ಧತಿ ಮುರಿದೆ ಎಂದು ಆಗ ಅನ್ನಿಸಲೂ ಇಲ್ಲ. ಗಟ್ಟಿಯಾಗಿ ಓದಿಯೇ ಇದ್ದಳಲ್ಲ.

"ಅಚ್ಚುಮೆಚ್ಚಂತಾ?" ಎಂದು ಅತ್ತೆ ಇನ್ನೊಂದು ಸಲ ಕೇಳಿದರು. ಆಮೇಲೆ ಹಣ್ಣು ಕೇಳುವ ಮಗುವಿನ ಹಾಗೆ, ಅದರಲ್ಲಿ ಒಂದೆರಡು ನಮ್ಮ ಕಿಟಕಿಗೂ ಸಿಗಬಹುದಾ ಎಂದರು.

ಭಾವ ಸಂತೋಷದಿಂದ ತಾವೇ ಹೊತ್ತು ತಂದರು. ಹಣದ ಮಾತೇ ಎತ್ತಲಿಲ್ಲ. ಕಟ್ಟೆಯ ಮೇಲೆ ಜಾಗವಿಲ್ಲವೆಂದು ಕಾಮಕಸ್ತೂರಿಯ ಒಡಕು ಕುಂಡವನ್ನು ಕಂಕುಳಲ್ಲಿ ಇರುಕಿಕೊಂಡು, "ಈ ಮುದುಕಿಗೆ ಪೆನ್ಷನ್ ಕೊಡೋಣ ಬಿಡಿ" ಎಂದರು. ಅತ್ತೆ, "ನನಗೇನಾ ಹೇಳಿದ್ದು?" ಎಂದು ಕೇಳಿದ್ದಕ್ಕೆ ಮೂವರೂ ನಕ್ಕರು.

ಮೊದಮೊದಲು ಕಿಟಕಿ ತುಂಬಿ ತುಳುಕಿತು. ಅಷ್ಟು ಹೂವಿಗೆ ಅಷ್ಟು ಹುಳ. ಅತ್ತೆಯ ತುಟಿ ಬೆಳಗಿನಿಂದ ಬಿಸಿಲೇರುವ ತನಕ ಅಲುಗುತ್ತಲೇ ಇತ್ತು. ದೇವರ ಹತ್ತಿರ ಇಷ್ಟು ದಿನ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಈಗ ಹೇಳಿ ಮುಗಿಸುತ್ತಿದ್ದಾರೇನೋ ಎಂದು ಕುಂಚಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು.

ಆಮೇಲೆ ಆ ಸದ್ದು ತೆಳ್ಳಗಾಯಿತು. ಒಂದೇ ಸಲಕ್ಕೆ ಆಗಲಿಲ್ಲ. ಬಟ್ಟೆ ಒಗೆದಷ್ಟೂ ಬಣ್ಣ ಬಿಡುವ ಹಾಗೆ, ದಿನಕ್ಕಿಷ್ಟು. ಒಂದು ಬೆಳಿಗ್ಗೆ ಅತ್ತೆ ಕೂತೇ ಇದ್ದರು, ತುಟಿ ಅಲುಗಲಿಲ್ಲ.

"ಇವತ್ತು ಮೋಡ ಇದೆಯೇನಮ್ಮ?"

ಹೊರಗೆ ಬಿಸಿಲು ಗೋಡೆಯ ಮೇಲೆ ಬಿಳಿಬಿಳಿಯಾಗಿ ಬಿದ್ದಿತ್ತು. ಸ್ವಲ್ಪ ಇದೆ ಅತ್ತೆ ಎಂದಳು ಕುಂಚಮ್ಮ. ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೂ ಅತ್ತೆ ಅದನ್ನೇ ಕೇಳಿದರು. ಅವಳು ಅದನ್ನೇ ಹೇಳಿದಳು. ಹೀಗೆ ಆ ಮನೆಯ ಕಿಟಕಿಗೆ ಮಾತ್ರ ಮೋಡ ಕವಿದುಕೊಂಡಿತು.

ಒಂದು ದಿನ ಅವಳು ನರ್ಸರಿಯಿಂದ ಊಟಕ್ಕೆ ಬಂದಾಗ ಅತ್ತೆಯ ತೊಡೆಯ ಮೇಲೆ ಒಂದು ಪುಟ್ಟ ಬಟ್ಟಲಿತ್ತು. ಅವರು ಕಿಟಕಿಯ ಕಟ್ಟೆಯನ್ನು ಬೆರಳ ತುದಿಯಿಂದ ಸವರುತ್ತ, ಸಿಕ್ಕಿದ್ದನ್ನು ಜೋಪಾನವಾಗಿ ಎತ್ತಿ ಅದರೊಳಗೆ ಹಾಕುತ್ತಿದ್ದರು.

"ನಿಮ್ಮ ಭಾವನ ಗಿಡ ಮೊಗ್ಗು ಉದುರಿಸ್ತಿದೆ ನೋಡು. ಒಣಗಿಹೋಗಿವೆ ಪಾಪ. ಗುಡಿಸಿ ಬಿಸಾಕೋಕೆ ಮನಸ್ಸು ಬರಲಿಲ್ಲ, ಎತ್ತಿಟ್ಟಿದ್ದೀನಿ."

ಬಟ್ಟಲಿನಲ್ಲಿದ್ದವು ಜೇನುಹುಳಗಳು. ರೆಕ್ಕೆ ಮಡಿಸಿಕೊಂಡು, ಕಾಲು ಒಳಕ್ಕೆಳೆದುಕೊಂಡು, ಮೊಗ್ಗಿನಷ್ಟೇ ಹಗುರ. ಅವುಗಳ ದನಿಯನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸಬಲ್ಲ ಅತ್ತೆ ಅವುಗಳ ಮೈಯನ್ನು ಯಾವತ್ತೂ ಮುಟ್ಟಿದವರಲ್ಲ.

ಕುಂಚಮ್ಮ ಬಟ್ಟಲನ್ನು ತೆಗೆದುಕೊಂಡಳು. ಅತ್ತೆಯ ಮುಖ ಕಿಟಕಿಯ ಕಡೆಗೆ ತಿರುಗಿ, ಕಿವಿ ಇನ್ನೂ ಕಾಯುತ್ತಿತ್ತು. ಅವಳು ಒಳಕೋಣೆಗೆ ಹೋಗಿ, ಬಟ್ಟಲನ್ನು ಎದೆಯ ಮೇಲಿಟ್ಟುಕೊಂಡು ಹಾಗೇ ಒರಗಿದಳು. ನಡುಮಧ್ಯಾಹ್ನದ ಜೊಂಪು ಹತ್ತಿತು.

ಆ ಜೊಂಪಿನಲ್ಲಿ ನರ್ಸರಿಯ ಗಿಡಗಳೆಲ್ಲ ಕುಂಡಗಳಿಂದ ಇಳಿದು, ಬೇರಿನ ಮಣ್ಣನ್ನು ಸೆರಗಿನಂತೆ ಎತ್ತಿ ಹಿಡಿದುಕೊಂಡು, ರಸ್ತೆಯಲ್ಲಿ ನಡೆದು ಬಂದವು. ಗದ್ದಲವಿಲ್ಲ, ನೂಕಾಟವಿಲ್ಲ. ಅವಳ ಬಾಗಿಲಲ್ಲಿ ಸಾಲಾಗಿ ನಿಂತವು. ಪ್ರತಿಯೊಂದರ ಕೊರಳಿನಲ್ಲೂ ಅವಳು ಬರೆದ ಕಡ್ಡಿ ತೂಗುತ್ತಿತ್ತು. ಗುಲಾಬಿ ತನ್ನದನ್ನು ತೋರಿಸಿ ನಕ್ಕಿತು, ಮುಂದೆ ಹೋಯಿತು. ನೇರಳೆ ಹೂವಿನ ಗಿಡಗಳು ಮಾತ್ರ ನಿಂತೇ ಇದ್ದವು. ಅವು ಕೋಪದಲ್ಲಿರಲಿಲ್ಲ. ಅಮ್ಮ, ನಮಗೆ ಕಣ್ಣಿಲ್ಲ, ನಮ್ಮ ಕೊರಳಲ್ಲಿ ಏನು ಬರೆದಿದ್ದೀಯೆಂದು ಓದಿ ಹೇಳು ಎಂದವು. ಅವುಗಳ ದನಿ ಅತ್ತೆಯ ದನಿಯ ಹಾಗಿತ್ತು. ಓದಲು ಹೋದರೆ ನಾಲಿಗೆ ಮರದ ಕಡ್ಡಿಯಾಗಿಬಿಟ್ಟಿತ್ತು. ಅವುಗಳ ಹಿಂದೆ, ಬಹಳ ದೂರದಲ್ಲಿ, ಒಂದು ಬಿಳಿ ಗೋಡೆಯ ಮುಂದೆ ಅಪ್ಪ ಏಣಿ ಹೊತ್ತು ನಿಂತಿದ್ದ.

ಎಚ್ಚರವಾದಾಗ ಬಟ್ಟಲು ಎದೆಯ ಮೇಲೇ ಇತ್ತು. ಒಂದೂ ಚೆಲ್ಲಿರಲಿಲ್ಲ.

ಅವಳು ಅದಕ್ಕೆ ಕರವಸ್ತ್ರ ಮುಚ್ಚಿಕೊಂಡು ನರ್ಸರಿಗೆ ಹೋದಳು. ಭಾವ ಪೈಪು ಹಿಡಿದು ನೀರು ಹಾಯಿಸುತ್ತಿದ್ದರು. ಬಟ್ಟಲು ನೋಡಿ ನೀರು ನಿಲ್ಲಿಸಿದರು. ಅಕ್ಕಪಕ್ಕದವರು ಯಾರೋ ಔಷಧಿ ಹೊಡೆದಿರಬಹುದು, ಗಿಡದ ಮೇಲೇ ಯಾಕೆ ತಪ್ಪು ಹೊರಿಸಬೇಕು ಎಂದರು. ಇರಬಹುದು, ನನಗೂ ಗೊತ್ತಿಲ್ಲ ಎಂದಳು ಕುಂಚಮ್ಮ. ಈ ಗಿಡ ಸಸಿಯಾಗಿದ್ದಾಗ ಏನು ಕುಡಿಯಿತು ಎಂದು ನಿಮಗೆ ಗೊತ್ತೇ ಎಂದು ಕೇಳಿದಳು. ಭಾವ ದೊಡ್ಡ ತೋಟದವರಿಗೆ ಫೋನು ಹಚ್ಚಿದರು. ಅವಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಆ ಕಡೆಯವರು ಬಹಳ ವಿನಯದಿಂದ ಮಾತಾಡಿದರು. ಸಸಿಗಳು ತಮ್ಮವಲ್ಲ, ಇನ್ನೊಂದು ಕಡೆಯಿಂದ ತರಿಸುವುದು ಎಂದರು. ಅಲ್ಲಿ ಬೇರಿಗೆ ಏನೋ ಉಣಿಸುತ್ತಾರೆ, ಏನೆಂದು ಕೇಳಿಲ್ಲ ಎಂದರು. ಪೆಟ್ಟಿಗೆಯ ಮೇಲಿನ ಸಾಲು ಪೆಟ್ಟಿಗೆ ಮಾಡುವವರೇ ಕೊಟ್ಟದ್ದು, ನೋಡಲು ಚೆನ್ನಾಗಿತ್ತು ಎಂದರು. ಪರೀಕ್ಷೆ, ಪ್ರಮಾಣಪತ್ರ ಅಂತ ಏನಾದರೂ ಇದೆಯೇ ಎಂದಾಗ, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲವಲ್ಲ ಸಾರ್ ಎಂದು ನಕ್ಕರು.

ಭಾವ ಫೋನು ಜೇಬಿಗಿಟ್ಟರು. "ಎಲ್ಲರೂ ಬರೆದಿದ್ದಾರೆ. ನಾವೊಬ್ಬರೇ ಬರೀದೆ ಇದ್ರೆ ನಮ್ಮ ಗಿಡದಲ್ಲೇ ಏನೋ ಐಬು ಇದೆ ಅಂದ್ಕೋತಾರೆ."

ಅವಳು ಜಗಳಕ್ಕೆ ನಿಲ್ಲಲಿಲ್ಲ. ನೇರಳೆ ಹೂವಿನ ಸಾಲಿನಿಂದ ಒಂದು ಕುಂಡವನ್ನು ಎಳೆದು ಭಾವನ ಮುಂದೆ ಇಟ್ಟಳು. ಅದರ ಪಕ್ಕದಲ್ಲಿ ಬಟ್ಟಲಿಟ್ಟು ಕರವಸ್ತ್ರ ತೆಗೆದಳು.

"ಭಾವ, ನಾನು ಇದನ್ನ ಗಿಡಕ್ಕೆ ಓದ್ಲಿಲ್ಲ. ಅತ್ತೆಗೆ ಓದಿದೆ. ಅವರು ನಂಬಿದ್ರು. ಈಗ ನೀವು ಒಂದು ಸಲ ಗಿಡಕ್ಕೆ ಓದಿ. ನಿಮ್ಮ ನಾಲಿಗೆ ತಡವರಿಸದಿದ್ರೆ ಮಿಕ್ಕಿದ್ದನ್ನೂ ಬರೆದುಕೊಡ್ತೀನಿ."

"ಅಷ್ಟೇ ತಾನೆ?" ಎಂದು ಭಾವ ಕುಕ್ಕರಗಾಲಲ್ಲಿ ಕೂತರು. ಮೊಣಕಾಲು ಲಟಕ್ ಎಂದಿತು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವರ ದನಿ ಮಾಡಿ "ಸಂಪೂರ್ಣ" ಎಂದರು. ಗಿಡ ಗಾಳಿಗೆ ಸ್ವಲ್ಪ ತೂಗಿತು. ಎರಡನೆಯ ಮಾತಿಗೆ ದನಿ ಇಳಿಯಿತು. ಸಾವಯವ ಎಂಬುದು ಅರ್ಧ ಕೆಮ್ಮಿನಲ್ಲಿ ಹೋಯಿತು. ಜೇನುಹುಳಗಳ, ಎಂದು ಶುರು ಮಾಡಿದವರು ಬಟ್ಟಲಿನ ಕಡೆ ನೋಡಿದರು. ಹಸಿರು ಬೆಳಕಿನಲ್ಲಿ ಆ ಪುಟ್ಟ ಮೈಗಳು ಈಗ ತಾನೆ ನಿದ್ದೆ ಹೋದಂತಿದ್ದವು.

ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮಪ್ಪ ದೊಡ್ಡ ಫಟಿಂಗ" ಎಂದರು ಕೊನೆಗೆ. "ಸತ್ತಮೇಲೂ ಅಳಿಯನ ವ್ಯಾಪಾರಕ್ಕೆ ಕಲ್ಲು ಹಾಕ್ತಾನೆ." ಎದ್ದು ಕೈಯ ಮಣ್ಣು ಕೊಡವಿಕೊಂಡರು. "ಸರಿ. ಹಾಗಾದ್ರೆ ಏನು ಬರೀತೀಯಾ?"

"ಗೊತ್ತಿರೋದನ್ನ."

ಅವಳು ಕಡ್ಡಿಗಳನ್ನು ಕಿತ್ತು ಹಳೆಯ ಅಕ್ಷರಗಳನ್ನು ಉಜ್ಜಿ ತೆಗೆದಳು. ಹೊಸದಾಗಿ ಬರೆಯುವ ಮೊದಲು ಗಿಡದ ಮುಂದೆ ಕೂತು ಓದಿದಳು: "ನೇರಳೆ ಹೂ. ಬೆಳಗಿನ ಬಿಸಿಲು ಬೇಕು. ಬೇರೆ ತೋಟದಲ್ಲಿ ಬೆಳೆದದ್ದು. ಅಲ್ಲಿ ಏನು ಉಣಿಸಿದರೋ ನಮಗೆ ಗೊತ್ತಿಲ್ಲ." ನಾಲಿಗೆ ಎಲ್ಲೂ ನಿಲ್ಲಲಿಲ್ಲ. ಆ ಕಡ್ಡಿ ಓದಿದ ಕೆಲವರು ನಕ್ಕು ಎದುರಿನ ಬ್ಯಾನರಿನ ಕಡೆ ದಾಟಿ ಹೋದರು. ಕೆಲವರು ನಿಂತು ತಲೆ ಕೆರೆದುಕೊಂಡರು. ನೇರಳೆ ಹೂವಿನ ಗಿಡಗಳ ಸಾಲು ಬಹಳ ದಿನ ಕರಗದೆ ನಿಂತಿತ್ತು. ಭಾವ ಅದರ ಪಕ್ಕದಲ್ಲಿ ಹಾದುಹೋಗುವಾಗ ನಿಟ್ಟುಸಿರು ಬಿಡುತ್ತಿದ್ದರು. ಆದರೆ ಕಡ್ಡಿ ಬದಲಾಯಿಸು ಎಂದು ಹೇಳಲಿಲ್ಲ. ಮುಂದಿನ ಸಲಕ್ಕೆ ತಾವೇ ಬೀಜ ಹಾಕಿ ಸಸಿ ಎಬ್ಬಿಸುವುದಾಗಿ ಹೇಳಿ, ಹಿಂದುಗಡೆ ಒಂದು ಮಡಿ ಅಗೆಸಿದರು.

ಅತ್ತೆಗೆ ಹೇಳುವುದು ಉಳಿದಿತ್ತು. ಭಾವನಿಂದ ಗಿಡಕ್ಕೆ ಓದಿಸಿದ ದಿನದ ಸಂಜೆಯೇ ಅವಳು ಅವರ ಕಾಲ ಬಳಿ ಕೂತು, ಬಟ್ಟಲನ್ನು ಅವರ ಕೈಗಿಟ್ಟಳು.

"ಅತ್ತೆ, ಇವು ಮೊಗ್ಗಲ್ಲ."

ಅತ್ತೆ ಒಂದನ್ನು ಬೆರಳುಗಳ ನಡುವೆ ಹಿಡಿದರು. ಈ ಸಲ ರೆಕ್ಕೆಯನ್ನು ಹುಡುಕಿದರು. ಸಿಕ್ಕಿತು. ಅವರ ಕೈ ಹಾಗೇ ನಿಂತಿತು. ಇದೇನಾ ನೀವು ಎನ್ನುವಂತೆ ಅದರ ಮೈಯನ್ನು ಮೆಲ್ಲಗೆ ಸವರಿದರು.

ಅವಳು ಎಲ್ಲವನ್ನೂ ಹೇಳಿದಳು. ಗಿಡಕ್ಕೆ ಓದದೆ ಬರೆದದ್ದು, ಅಪ್ಪನ ಪದ್ಧತಿ, ಫೋನಿನಲ್ಲಿ ಕೇಳಿದ್ದು, ಆಕಾಶದಲ್ಲಿ ಒಂದು ದಿನವೂ ಮೋಡ ಇರದಿದ್ದುದು.

"ಮೋಡ ಇರಲಿಲ್ಲ ಅಂತ ಗೊತ್ತಿತ್ತು ಕಣಮ್ಮ" ಎಂದರು ಅತ್ತೆ. "ಕೆನ್ನೆ ಸುಡ್ತಿತ್ತಲ್ಲ. ಅವನೇ ನನ್ನ ಮೇಲೆ ಬೇಜಾರಾಗಿ ಶ್ರುತಿ ಕಿತ್ಕೊಂಡ ಅಂದ್ಕೊಂಡಿದ್ದೆ. ಏನು ತಪ್ಪು ಮಾಡಿದ್ನೋ ಅಂತ ದಿನಾ ಹುಡುಕ್ತಿದ್ದೆ."

ಕುಂಚಮ್ಮ ಅವರ ಮಡಿಲಲ್ಲಿ ಮುಖವಿಟ್ಟಳು. ಅತ್ತೆಯ ಒಂದು ಕೈಯಲ್ಲಿ ಬಟ್ಟಲಿತ್ತು, ಇನ್ನೊಂದು ಕೈ ಸೊಸೆಯ ತಲೆಯ ಮೇಲೆ ಬಂತು. ಎರಡನ್ನೂ ಒಂದೇ ಹದದಲ್ಲಿ ಹಿಡಿದುಕೊಂಡು, ಬೆಳಕು ಪೂರ್ತಿ ಆರುವ ತನಕ ಅವರು ಕೂತೇ ಇದ್ದರು. ಎದ್ದಾಗ ಕೇಳಿದ್ದು ಒಂದೇ ಮಾತು: ನನ್ನ ಮುದುಕಿ ಎಲ್ಲಿ?

ಪೆನ್ಷನ್ ಕೊಟ್ಟ ಕಾಮಕಸ್ತೂರಿಯನ್ನು ಭಾವ ನರ್ಸರಿಯ ಹಿಂದೆ, ಒಡೆದ ಕುಂಡಗಳ ರಾಶಿಯ ಮೇಲೆ ಎಸೆದಿದ್ದರು. ಕುಂಚಮ್ಮ ಹೋಗಿ ನೋಡಿದಾಗ ತಾಯಿಗಿಡ ಒಣಗಿ ಸೌದೆಯಾಗಿತ್ತು. ಅದರ ಬುಡದಲ್ಲಿ, ಬಿರುಕುಗಳಲ್ಲಿ, ಉದುರಿದ ಬೀಜವೆಲ್ಲ ತಾನಾಗಿ ಎದ್ದು ನಿಂತಿತ್ತು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ, ಅದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಅವಳು ಮಣ್ಣಿನ ಸಮೇತ ಒಂದು ಹಿಡಿ ಎತ್ತಿ, ಅದೇ ಒಡಕು ಕುಂಡದ ಜೊತೆಗೆ ಮನೆಗೆ ತಂದಳು. ನೆಡುವ ಮೊದಲು ಅತ್ತೆ ಬಟ್ಟಲಿನಲ್ಲಿದ್ದುದನ್ನು ಕುಂಡದ ತಳದಲ್ಲಿ ಸುರಿದು, ಮೇಲೆ ತಾವೇ ಮಣ್ಣು ಹಾಕಿ ಮುಚ್ಚಿದರು. ನೇರಳೆ ಹೂವಿನ ಗಿಡಗಳು ಕಟ್ಟೆಯಿಂದ ಇಳಿದವು.

ಬೆಳಗುಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದವು. ಅತ್ತೆ ಎಂದಿನಂತೆ ಕಿಟಕಿಯ ಬಳಿ ಕೂರುತ್ತಿದ್ದರು, ತುಟಿ ಮುಚ್ಚಿಯೇ ಇರುತ್ತಿತ್ತು. ಇವತ್ತು ಬಿಸಿಲಿದೆ ಅತ್ತೆ, ಗಿಡ ಇನ್ನೂ ಸಣ್ಣದು ಎಂದು ಕುಂಚಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಎಲೆ ದೊಡ್ಡದಾಯಿತು. ಒಂದಕ್ಕೆ ಹುಳು ತೂತು ಕೊರೆಯಿತು. ಅದನ್ನೂ ಹೇಳಿದಳು. ಅತ್ತೆಗೆ ಆ ತೂತಿನ ಸುದ್ದಿ ಯಾಕೋ ಬಹಳ ಇಷ್ಟವಾಯಿತು.

ತೆನೆ ಬಿಟ್ಟ ದಿನ ಅವಳು ಒಂದು ಕಡ್ಡಿ ಮತ್ತು ಕುಂಚ ತಂದು ಕಟ್ಟೆಯ ಮುಂದೆ ಕೂತಳು. ಗಿಡದ ಕಡೆ ಮುಖ ಮಾಡಿ ಓದಿದಳು.

"ಕಾಮಕಸ್ತೂರಿ."

"ಮುಂದೆ?" ಎಂದರು ಅತ್ತೆ.

"ಅಷ್ಟೇ ಅತ್ತೆ."

"ಅಷ್ಟೇನಾ? ಜಾಗ ಇನ್ನೂ ಇರಬೇಕಲ್ಲ ಕಡ್ಡಿ ಮೇಲೆ."

"ಇದೆ. ಖಾಲಿ ಬಿಡ್ತೀನಿ."

ಅತ್ತೆ ನಗಲು ಹೊರಟವರು ತಟ್ಟನೆ ಬೆರಳೆತ್ತಿ ಅವಳನ್ನು ಸುಮ್ಮನಿರಿಸಿದರು. ಕತ್ತು ಒಂದಿಷ್ಟು ಓರೆಯಾಯಿತು. ಕುಂಚಮ್ಮ ಉಸಿರು ಬಿಗಿಹಿಡಿದು ಕೇಳಿದಳು. ರಸ್ತೆಯಲ್ಲಿ ಯಾವುದೋ ಗಾಡಿ ಹೋಯಿತು. ಪಕ್ಕದ ಮನೆಯಲ್ಲಿ ಪಾತ್ರೆ ಸದ್ದಾಯಿತು. ಅವಳಿಗೆ ಬೇರೇನೂ ಕೇಳಿಸಲಿಲ್ಲ. ತೆನೆಯ ಮೇಲೆ ಬಿಸಿಲು ಮಾತ್ರ ಇತ್ತು. ಆದರೆ ಅತ್ತೆಯ ತುಟಿ ಆಗಲೇ ಅಲುಗತೊಡಗಿತ್ತು.